ಎಚ್ಚರದೊಳಗೆ ನಿದ್ದೆ

ನೇರ ರಸ್ತೆಯಲ್ಲಿ ಗಂಟೆಗೆ 80 ಕಿಲೋಮೀಟರ್ ವೇಗದಲ್ಲಿ ಓಡುವ ಬೈಕನ್ನು ಬೀಳದಂತೆ ಕಾಯುವುದರಲ್ಲಿ ಸವಾರನ ಪಾಲು ತೀರಾ ಕಡಿಮೆ. ಬೈಕು ಎಡಕ್ಕೆ ವಾಲಿದರೆ ಮುಂದಿನ ಚಕ್ರ ತಾನಾಗಿಯೇ ತುಸು ಎಡಕ್ಕೆ ಹೊರಳುತ್ತದೆ, ಹೊರಳಿದ ಚಕ್ರ ಬೈಕನ್ನು ಮತ್ತೆ ನೆಟ್ಟಗೆ ತರುತ್ತದೆ. ತಿರುಗುವ ಚಕ್ರದ ಆವೇಗ, ಫೋರ್ಕಿನ ಓರೆ, ತೂಕ ಹಂಚಿಹೋದ ರೀತಿ, ಎಲ್ಲವೂ ಇದಕ್ಕೆ ನೆರವಾಗುತ್ತವೆ. ಹೀಗಾಗಿ ಸವಾರನಿಗೆ ಮೂರು ಸೆಕೆಂಡು ಜೋಂಪು ಹತ್ತಿದರೂ ಬೈಕು ಬೀಳುವುದಿಲ್ಲ. ಅಷ್ಟರಲ್ಲಿ ಅದು 66 ಮೀಟರ್ ಮುಂದೆ ಹೋಗಿರುತ್ತದೆ. ರಸ್ತೆ ನೇರವಾಗಿದ್ದರೆ ಸವಾರನಿಗೆ ತಾನು ನಿದ್ದೆ ಹೋಗಿದ್ದೆ ಎಂಬುದೇ ತಿಳಿಯುವುದಿಲ್ಲ. ಆ 66 ಮೀಟರಿನಲ್ಲಿ ತಿರುವಿದ್ದರೆ, ಅಥವಾ ಹಿಂದಿನ ದೀಪವಿಲ್ಲದ ಟ್ರ್ಯಾಕ್ಟರ್ ಇದ್ದರೆ, ತಿಳಿಯಲು ಅವಕಾಶವೂ ಸಿಗದಿರಬಹುದು.

"ಮುಖಕ್ಕೆ ಗಾಳಿ ಹೊಡೆಯುತ್ತಿರುವಾಗ ಬೈಕ್ ಮೇಲೆ ಯಾರಿಗೆ ನಿದ್ದೆ ಬರುತ್ತದೆ?" ಎಂದು ಕೇಳುವವರು ಬಹಳ. ಕಾರಿನಲ್ಲಿ ಕೂತವನಿಗಿಂತ ಬೈಕ್ ಸವಾರನ ಮೈ ಹೆಚ್ಚು ದುಡಿಯುತ್ತದೆ, ನಿಜ. ಆದರೆ ನಿದ್ದೆ ಬರುವುದು ಮೈಗಲ್ಲ, ಮಿದುಳಿಗೆ. ಸೂಕ್ಷ್ಮನಿದ್ದೆ ಎಂದು ವಿಜ್ಞಾನಿಗಳು ಕರೆಯುವ ಈ ಜೋಂಪು ಒಂದು ಸೆಕೆಂಡಿನಿಂದ ಹತ್ತು ಹದಿನೈದು ಸೆಕೆಂಡಿನವರೆಗೆ ಇರಬಲ್ಲದು. ಕಣ್ಣು ಮುಚ್ಚಲೇಬೇಕೆಂದಿಲ್ಲ. ತಲೆಗೆ ಎಲೆಕ್ಟ್ರೋಡ್ ಅಂಟಿಸಿ ನೋಡಿದರೆ, ಎಚ್ಚರದ ವೇಗದ ಅಲೆಗಳ ಜಾಗದಲ್ಲಿ ನಿಧಾನವಾದ ಥೀಟಾ ಅಲೆಗಳು ಕಾಣುತ್ತವೆ. ಕಣ್ಣು ತೆರೆದಿದೆ, ಕೈ ಆಕ್ಸಿಲರೇಟರ್ ಮೇಲಿದೆ, ನೋಡುತ್ತಿರುವವರು ಮಾತ್ರ ಯಾರೂ ಇಲ್ಲ.

ಇದಕ್ಕಿಂತ ಸೂಕ್ಷ್ಮವಾದ ಇನ್ನೊಂದು ಸಂಗತಿ 2011ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಪ್ರಕಟವಾಯಿತು. ನಿದ್ದೆಗೆಡಿಸಿದ ಇಲಿಗಳ ಮಿದುಳನ್ನು ಗಮನಿಸಿದಾಗ, ಇಲಿ ಓಡಾಡುತ್ತಿದ್ದರೂ ಮಿದುಳಿನ ಹೊರಪದರದ ಕೆಲವು ನರಕೋಶಗಳು ಅಲ್ಲಲ್ಲಿ, ಕ್ಷಣಕಾಲ, ನಿದ್ದೆಯಲ್ಲಿ ಸ್ತಬ್ಧವಾಗುವಂತೆಯೇ ಸ್ತಬ್ಧವಾಗುತ್ತಿದ್ದವು. ಮುಂದೆ, ಚಿಕಿತ್ಸೆಗಾಗಿ ಮಿದುಳಿನೊಳಗೆ ಎಲೆಕ್ಟ್ರೋಡ್ ಇರಿಸಿದ್ದ ಮೂರ್ಛೆರೋಗಿಗಳಲ್ಲೂ ಇಂಥದೇ ನಿಧಾನಗತಿ ಕಂಡಿತು. ನಿದ್ದೆಗೆಟ್ಟಾಗ ನರಕೋಶಗಳು ತಡವಾಗಿ, ದುರ್ಬಲವಾಗಿ ಪ್ರತಿಕ್ರಿಯಿಸುತ್ತಿದ್ದವು. ಅಂದರೆ ನಿದ್ದೆ ಮತ್ತು ಎಚ್ಚರದ ನಡುವೆ ಗೋಡೆಯಿಲ್ಲ. ಎಚ್ಚರವಿದ್ದಂತೆ ಕಾಣುವ ಮಿದುಳಿನ ಒಂದು ಭಾಗ ನಿದ್ದೆ ಮಾಡುತ್ತಿರಬಹುದು. ಆ ಭಾಗ ದೂರವನ್ನು ಅಳೆಯುವುದೋ, ಬ್ರೇಕ್ ಹಿಡಿಯಬೇಕೆಂದು ನಿರ್ಧರಿಸುವುದೋ ಆಗಿದ್ದರೆ ಬೈಕಿನ ಮೇಲೆ ಅದರ ಬೆಲೆ ದೊಡ್ಡದು.

ನಮ್ಮನ್ನು ನಿದ್ದೆಗೆ ಎಳೆಯುವ ಶಕ್ತಿಗಳು ಎರಡು. ಸ್ವಿಟ್ಜರ್ಲೆಂಡಿನ ಅಲೆಕ್ಸಾಂಡರ್ ಬೋರ್ಬೆಲಿ 1982ರಲ್ಲಿ ಇವನ್ನು ಒಂದೇ ಚಿತ್ರದಲ್ಲಿ ಕೂಡಿಸಿ ತೋರಿಸಿದರು. ಒಂದು, ಎದ್ದ ಕ್ಷಣದಿಂದ ಏರುತ್ತಲೇ ಹೋಗುವ ನಿದ್ದೆಯ ಒತ್ತಡ. ನರಕೋಶಗಳು ಶಕ್ತಿ ಖರ್ಚು ಮಾಡಿದಂತೆ ಮಿದುಳಿನಲ್ಲಿ ಶೇಖರವಾಗುವ ಅಡಿನೋಸಿನ್ ಈ ಒತ್ತಡದ ಒಂದು ಮುಖ್ಯ ಕಾರಣ. ಇನ್ನೊಂದು, ದೇಹದೊಳಗಿನ ಗಡಿಯಾರ. ನೀವು ಎಷ್ಟೇ ನಿದ್ದೆ ಮಾಡಿರಲಿ, ನಡುರಾತ್ರಿ ಎರಡರಿಂದ ಬೆಳಗಿನ ಆರರವರೆಗೆ ಅದು ಎಚ್ಚರವನ್ನು ತಗ್ಗಿಸುತ್ತದೆ. ಮಧ್ಯಾಹ್ನ ಎರಡರಿಂದ ನಾಲ್ಕರ ಸುಮಾರಿಗೆ ಇನ್ನೊಮ್ಮೆ, ಅಷ್ಟು ಆಳವಿಲ್ಲದ ಇಳಿತ ಬರುತ್ತದೆ. ಊಟದ ಮೇಲೆ ಬರುವ ತೂಕಡಿಕೆಗೆ ನಾವು ಅನ್ನವನ್ನು ಬೈಯುತ್ತೇವೆ. ಊಟ ಬಿಟ್ಟರೂ ಈ ಇಳಿತ ಬರುತ್ತದೆ, ಹೊಟ್ಟೆ ಬಿರಿಯುವ ಊಟ ಅದನ್ನು ಹೆಚ್ಚಿಸುತ್ತದೆ ಅಷ್ಟೆ.

ಈಗ ಬೆಂಗಳೂರಿನ ಒಂದು ಸಾಮಾನ್ಯ ಶುಕ್ರವಾರವನ್ನು ಈ ಚಿತ್ರದ ಮೇಲಿಟ್ಟು ನೋಡೋಣ. ಬೆಳಿಗ್ಗೆ ಏಳಕ್ಕೆ ಎದ್ದವರು ಕಚೇರಿ ಮುಗಿಸಿ, ಟ್ರಾಫಿಕ್ ದಾಟಿ ಮನೆ ಸೇರಿ, ಬ್ಯಾಗ್ ಕಟ್ಟಿ, ಚೈನಿಗೆ ಎಣ್ಣೆ ಹಾಕಿ ಮಲಗುವಾಗ ಹನ್ನೆರಡು. ಊರಿನ ಟ್ರಾಫಿಕ್ ಶುರುವಾಗುವ ಮೊದಲೇ ನೆಲಮಂಗಲ ದಾಟಬೇಕೆಂದು ಮೂರಕ್ಕೆ ಅಲಾರಂ, ನಾಲ್ಕಕ್ಕೆ ಹೊರಡುವುದು. ಮೂರು ಗಂಟೆಯ ನಿದ್ದೆ, ಅದೂ ನಾಳಿನ ಉತ್ಸಾಹದಲ್ಲಿ ಹೊರಳಾಡಿದ್ದು. ಗಡಿಯಾರದ ಅತಿ ಆಳದ ಇಳಿತದಲ್ಲೇ ಕಿಕ್ ಹೊಡೆದಾಯಿತು. ಸೂರ್ಯ ಹುಟ್ಟುವಾಗ ಶಿರಾ ದಾಟಿರುತ್ತಾರೆ, ಬೆಳಕಿನಿಂದ ಹುರುಪು ಬರುತ್ತದೆ, ಚಿತ್ರದುರ್ಗದ ಗುಡ್ಡಗಳ ಮೇಲಿನ ಗಾಳಿಯಂತ್ರಗಳನ್ನು ನೋಡುತ್ತಾ ತಿಂಡಿ. ಆ ಹುರುಪು ಗಡಿಯಾರ ಕೊಟ್ಟದ್ದು, ನಿದ್ದೆಯ ಸಾಲ ಹಾಗೇ ಇದೆ. ಹಾವೇರಿ, ಹುಬ್ಬಳ್ಳಿ ದಾಟಿ ಮಧ್ಯಾಹ್ನದ ಊಟ ಮುಗಿಸಿ ಧಾರವಾಡದಿಂದ ಬೆಳಗಾವಿಯ ಕಡೆ ಹೊರಟಾಗ ಎರಡೂ ಶಕ್ತಿಗಳು ಕೂಡುತ್ತವೆ. ಆಗ ರಸ್ತೆ ಚೆನ್ನಾಗಿರುತ್ತದೆ, ಟ್ರಾಫಿಕ್ ಕಡಿಮೆ ಇರುತ್ತದೆ. ಅಪಾಯ ಇರುವುದೂ ಅಲ್ಲೇ.

ನಿದ್ದೆಗೆಟ್ಟ ಸವಾರಿಯನ್ನು ನಾವು ಕುಡಿದ ಸವಾರಿಯಷ್ಟು ಗಂಭೀರವಾಗಿ ತೆಗೆದುಕೊಳ್ಳುವುದಿಲ್ಲ. ಆಸ್ಟ್ರೇಲಿಯಾದ ಡ್ರೂ ಡಾಸನ್ ಮತ್ತು ಕ್ಯಾಥರಿನ್ ರೀಡ್ 1997ರಲ್ಲಿ ಎರಡನ್ನೂ ಒಂದೇ ಪರೀಕ್ಷೆಯಿಂದ ಅಳೆದರು. ಕಂಪ್ಯೂಟರ್ ಪರದೆಯ ಮೇಲೆ ಚಲಿಸುವ ಗುರಿಯನ್ನು ಕೈಯಿಂದ ಹಿಂಬಾಲಿಸುವ ಪರೀಕ್ಷೆ ಅದು. 17 ಗಂಟೆ ಎಚ್ಚರವಿದ್ದವರ ಕೈಚಳಕ, ರಕ್ತದಲ್ಲಿ ಶೇಕಡಾ 0.05 ಮದ್ಯ ಇದ್ದವರ ಮಟ್ಟಕ್ಕೆ ಇಳಿದಿತ್ತು. 24 ಗಂಟೆ ಎಚ್ಚರವಿದ್ದವರದು ಶೇಕಡಾ 0.10ರ ಮಟ್ಟಕ್ಕೆ. ನಮ್ಮ ಮೋಟಾರು ವಾಹನ ಕಾಯ್ದೆಯ ಮಿತಿ 100 ಮಿಲಿಲೀಟರ್ ರಕ್ತಕ್ಕೆ 30 ಮಿಲಿಗ್ರಾಂ, ಅಂದರೆ ಶೇಕಡಾ 0.03. ಬೆಳಿಗ್ಗೆ ಆರಕ್ಕೆ ಎದ್ದು, ಕೆಲಸ ಮುಗಿಸಿ, ರಾತ್ರಿ ಹನ್ನೊಂದಕ್ಕೂ ಬೈಕ್ ಓಡಿಸುತ್ತಿರುವವರು ಆ ಮಿತಿಯನ್ನು ಯಾವಾಗಲೋ ದಾಟಿದವರಿಗೆ ಸಮ. ಅವರನ್ನು ಹಿಡಿಯುವ ಯಂತ್ರ ಪೊಲೀಸರ ಬಳಿ ಇಲ್ಲ.

ಸ್ವತಃ ಸವಾರನ ಬಳಿಯೂ ಇಲ್ಲ. ನನಗೆ ಈ ಇಡೀ ವಿಷಯದಲ್ಲಿ ಅತ್ಯಂತ ಮುಖ್ಯವೆನಿಸುವುದು ಇದೇ. ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದ ಹನ್ಸ್ ವ್ಯಾನ್ ಡೊಂಗೆನ್, ಡೇವಿಡ್ ಡಿಂಜಸ್ ಮತ್ತು ಸಂಗಡಿಗರು 2003ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಆರೋಗ್ಯವಂತರಿಗೆ 14 ದಿನ ರಾತ್ರಿಗೆ ಆರು ಅಥವಾ ನಾಲ್ಕು ಗಂಟೆ ಮಾತ್ರ ಮಲಗಲು ಬಿಟ್ಟರು. ಅವರ ಗಮನ ಮತ್ತು ಪ್ರತಿಕ್ರಿಯೆ ದಿನದಿಂದ ದಿನಕ್ಕೆ ಕುಸಿದು, ಒಂದೆರಡು ರಾತ್ರಿ ಪೂರ್ತಿ ನಿದ್ದೆಗೆಟ್ಟವರ ಮಟ್ಟಕ್ಕೆ ಬಂತು. ಆದರೆ ‘ಎಷ್ಟು ನಿದ್ದೆ ಬರುತ್ತಿದೆ?’ ಎಂದು ಕೇಳಿದಾಗ ಅವರ ಉತ್ತರ ಮೊದಲ ಕೆಲವು ದಿನಗಳ ನಂತರ ಹೆಚ್ಚು ಬದಲಾಗಲಿಲ್ಲ. ಸಾಮರ್ಥ್ಯ ಇಳಿಯುತ್ತಲೇ ಇತ್ತು, ಇಳಿಯುತ್ತಿದೆ ಎಂಬ ಅರಿವು ಅದರ ಜೊತೆ ಬೆಳೆಯಲಿಲ್ಲ. ದಣಿವು ಮೊದಲು ಕೆಡಿಸುವುದು ದಣಿವನ್ನು ಅಳೆಯುವ ಬುದ್ಧಿಯನ್ನೇ. ವಾರವಿಡೀ ಆರು ಗಂಟೆ ಮಲಗಿ ‘ನನಗೆ ಇದು ಅಭ್ಯಾಸವಾಗಿದೆ’ ಎನ್ನುವವರೇ ಶನಿವಾರ 500 ಕಿಲೋಮೀಟರ್ ಹೊರಡುವುದು.

ಹಾಗಾದರೆ ‘ಸುಸ್ತಾದಾಗ ನಿಲ್ಲಿಸು’ ಎಂಬ ಸಲಹೆ ಅರ್ಧ ಮಾತ್ರ ಉಪಯೋಗಕ್ಕೆ ಬರುತ್ತದೆ. ನಿಲ್ಲಿಸುವ ನಿರ್ಧಾರವನ್ನು ಸುಸ್ತಾಗಿರದ ತಲೆ, ಮನೆಯಲ್ಲಿ, ಹಿಂದಿನ ದಿನವೇ ತೆಗೆದುಕೊಂಡಿರಬೇಕು. ಬಸ್ಸು, ಲಾರಿ ಓಡಿಸುವವರಿಗೆ 1961ರ ಮೋಟಾರು ಸಾರಿಗೆ ಕಾರ್ಮಿಕರ ಕಾಯ್ದೆ ದಿನಕ್ಕೆ ಎಂಟು ಗಂಟೆ ಕೆಲಸ, ಐದು ಗಂಟೆಗೊಮ್ಮೆ ಅರ್ಧ ಗಂಟೆ ಬಿಡುವು ಎಂದು ಬರೆದಿಟ್ಟಿತ್ತು. ಅದು ಎಷ್ಟು ಪಾಲನೆಯಾಗುತ್ತಿತ್ತು ಎಂಬುದು ಬೇರೆ ಮಾತು. ಸ್ವಂತ ಬೈಕಿನವರಿಗೆ ಅಂಥ ಕಾನೂನಿಲ್ಲ, ಅವರೇ ಬರೆದುಕೊಳ್ಳಬೇಕು. ಎಷ್ಟು ಹೊತ್ತಿಗೊಮ್ಮೆ ಎಂದು ಕೇಳಿದರೆ ನಾನು ಒಂದೂವರೆ ಗಂಟೆ ಎನ್ನುತ್ತೇನೆ. ಇದಕ್ಕೆ ಆಧಾರ ತೀರಾ ಹಳೆಯದು. 1940ರ ದಶಕದಲ್ಲಿ ಬ್ರಿಟನ್ನಿನ ನಾರ್ಮನ್ ಮ್ಯಾಕ್‌ವರ್ತ್, ರಾಡಾರ್ ಪರದೆಯನ್ನು ಗಂಟೆಗಟ್ಟಲೆ ನೋಡುವ ಸೈನಿಕರು ಗುರಿಗಳನ್ನು ಏಕೆ ತಪ್ಪಿಸಿಕೊಳ್ಳುತ್ತಾರೆ ಎಂದು ಹುಡುಕಲು ಒಂದು ಗಡಿಯಾರ ಮಾಡಿದ. ಮುಳ್ಳು ಒಂದೊಂದೇ ಹೆಜ್ಜೆ ಜಿಗಿಯುತ್ತದೆ, ಅಪರೂಪಕ್ಕೊಮ್ಮೆ ಎರಡು ಹೆಜ್ಜೆ. ಅದನ್ನು ಗುರುತಿಸಬೇಕು, ಅಷ್ಟೆ. ಚೆನ್ನಾಗಿ ನಿದ್ದೆ ಮಾಡಿದವರೂ ಮೊದಲ ಅರ್ಧ ಗಂಟೆಯ ನಂತರ ತಪ್ಪಿಸಿಕೊಳ್ಳತೊಡಗಿದರು. ನಾಲ್ಕು ಪಥದ ಹೆದ್ದಾರಿ ಎಂದರೆ ಇದೇ ಗಡಿಯಾರ: ಗಂಟೆಗಟ್ಟಲೆ ಏನೂ ನಡೆಯುವುದಿಲ್ಲ, ಒಮ್ಮೆ ಎಮ್ಮೆ ಅಡ್ಡ ಬರುತ್ತದೆ. ಘಟ್ಟದ ರಸ್ತೆಯಲ್ಲಿ ಮೈ ಬೇಗ ದಣಿಯುತ್ತದೆ, ಗಮನ ಮಾತ್ರ ಅಷ್ಟು ಬೇಗ ಜಾರುವುದಿಲ್ಲ. ತಿರುವುಗಳೇ ಅದನ್ನು ಹಿಡಿದಿಡುತ್ತವೆ.

ಮೈಯ ದಣಿವಿನಲ್ಲಿ ಗಾಳಿಯ ಪಾಲು ದೊಡ್ಡದು. ಗಾಳಿಯ ಒತ್ತಡ ವೇಗದ ವರ್ಗಕ್ಕೆ ಅನುಗುಣವಾಗಿ ಏರುತ್ತದೆ. ನೆಟ್ಟಗೆ ಕೂತ ಸವಾರನ ಮೇಲೆ 60ರ ವೇಗದಲ್ಲಿ ಸುಮಾರು 5 ಕಿಲೋ ತೂಕದಷ್ಟು ಒತ್ತಡವಿದ್ದರೆ, 100ರಲ್ಲಿ ಅದು ಸುಮಾರು 14 ಕಿಲೋ. ಅದನ್ನು ತಡೆಯಲು ಕೈಗಳು ಹ್ಯಾಂಡಲನ್ನು ಬಿಗಿಹಿಡಿಯುತ್ತವೆ. ಅಲುಗಾಡದೆ ಬಿಗಿಯಾಗಿರುವ ಸ್ನಾಯುವಿನಲ್ಲಿ ರಕ್ತನಾಳಗಳು ಒತ್ತಿಹೋಗಿ ಆಮ್ಲಜನಕ ಕಡಿಮೆಯಾಗುತ್ತದೆ. ಹಾಗಾಗಿ ಗಂಟೆಗಟ್ಟಲೆ ನಡೆಯುವುದಕ್ಕಿಂತ ಗಂಟೆಗಟ್ಟಲೆ ಮುಷ್ಟಿ ಬಿಗಿದು ಕೂರುವುದು ಕಷ್ಟ. ಮೊಣಕಾಲುಗಳಿಂದ ಟ್ಯಾಂಕನ್ನು ಹಿಡಿದು, ಮೊಣಕೈ ಸಡಿಲಬಿಟ್ಟು ಕೂತರೆ ಕೈಯ ಹೊರೆ ಸೊಂಟಕ್ಕೆ, ತೊಡೆಗೆ ಹೋಗುತ್ತದೆ. ಅವು ದೊಡ್ಡ ಸ್ನಾಯುಗಳು, ತಾಳುತ್ತವೆ. ಇನ್ನು, ವೇಗವನ್ನು 100ರಿಂದ 80ಕ್ಕೆ ಇಳಿಸಿದರೆ ಗಾಳಿಯ ಒತ್ತಡ ಮೂರನೇ ಒಂದರಷ್ಟು ಇಳಿಯುತ್ತದೆ. 400 ಕಿಲೋಮೀಟರಿನಲ್ಲಿ ಕಳೆದುಕೊಳ್ಳುವುದು ಒಂದು ಗಂಟೆ. ದಣಿದವನು ಆ ಗಂಟೆಯನ್ನು ಹೆಚ್ಚುವರಿ ನಿಲುಗಡೆಗಳಲ್ಲಿ ಹೇಗೂ ಕಳೆಯುತ್ತಾನೆ.

ಗಾಳಿಯ ಸದ್ದನ್ನು ನಮ್ಮ ಸವಾರರು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. 100ರ ವೇಗದಲ್ಲಿ ಹೆಲ್ಮೆಟ್ಟಿನೊಳಗೆ ಕಿವಿಗೆ ಕೇಳುವುದು ಎಂಜಿನ್ನಿಗಿಂತ ಹೆಚ್ಚಾಗಿ ಹೆಲ್ಮೆಟ್ಟಿನ ಕೆಳ ಅಂಚಿನ ಸುತ್ತ ಸುಳಿಯುವ ಗಾಳಿಯ ಮೊರೆತ. ಅದು 95ರಿಂದ 100 ಡೆಸಿಬೆಲ್ ಮುಟ್ಟುತ್ತದೆ. ದಿನಕ್ಕೆ ಎಂಟು ಗಂಟೆ ತಾಳಬಹುದಾದ ಸದ್ದು 85 ಡೆಸಿಬೆಲ್, ಪ್ರತಿ 3 ಡೆಸಿಬೆಲ್ ಏರಿದಾಗಲೂ ಆ ಅವಧಿ ಅರ್ಧಕ್ಕಿಳಿಯುತ್ತದೆ. ಹಾಗೆ ಲೆಕ್ಕ ಹಾಕಿದರೆ 100 ಡೆಸಿಬೆಲ್ಲಿಗೆ ಸಿಗುವುದು ಹದಿನೈದು ನಿಮಿಷ. ಸಂಜೆ ಬೈಕಿನಿಂದ ಇಳಿದ ಮೇಲೂ ಕಿವಿಯಲ್ಲಿ ಗುಂಯ್ ಎನ್ನುವುದು, ಎದುರಿನವರ ಮಾತು ದೂರದಿಂದ ಬಂದಂತೆ ಕೇಳುವುದು ಒಳಕಿವಿಯ ರೋಮಕೋಶಗಳು ದಣಿದ ಗುರುತು. ಆಯಾಸಗೊಂಡವು ಚೇತರಿಸಿಕೊಳ್ಳುತ್ತವೆ, ಸತ್ತವು ಮತ್ತೆ ಹುಟ್ಟುವುದಿಲ್ಲ. ಸದ್ದು ಕಿವಿಯನ್ನಷ್ಟೇ ಅಲ್ಲ, ಇಡೀ ಮಿದುಳನ್ನು ದಣಿಸುತ್ತದೆ. ಔಷಧಿ ಅಂಗಡಿಯಲ್ಲಿ ಕೆಲವೇ ರೂಪಾಯಿಗೆ ಸಿಗುವ ಮೆತ್ತನೆಯ ಫೋಮ್ ಇಯರ್‌ಪ್ಲಗ್ ಸರಿಯಾಗಿ ತುರುಕಿದರೆ ಸದ್ದನ್ನು 20 ಡೆಸಿಬೆಲ್ಲಿಗೂ ಹೆಚ್ಚು ತಗ್ಗಿಸುತ್ತದೆ. ಹಾರ್ನ್ ಕೇಳುವುದಿಲ್ಲವೆಂಬ ಭಯ ಬೇಡ. ಗಾಳಿಯ ಮೊರೆತವೂ ಹಾರ್ನಿನ ಸದ್ದೂ ಒಟ್ಟಿಗೇ ತಗ್ಗುವುದರಿಂದ ಒಂದರೊಳಗಿಂದ ಇನ್ನೊಂದನ್ನು ಗುರುತಿಸುವುದು ಕಷ್ಟವಾಗುವುದಿಲ್ಲ. ದುಬಾರಿ ಸೀಟು, ದುಬಾರಿ ಸೈಲೆನ್ಸರ್‌ಗೆ ಹಣ ಸುರಿಯುವ ಮೊದಲು ಇದನ್ನು ಕೊಳ್ಳಿ ಎಂದು ಕೇಳಿದವರಿಗೆಲ್ಲ ಹೇಳುತ್ತೇನೆ.

ಕಂಪನವೂ ನಿದ್ದೆ ತರಿಸುತ್ತದೆ. ಎಂಜಿನ್ 3000 ಆರ್‌ಪಿಎಂನಲ್ಲಿದ್ದಾಗ ಸಿಂಗಲ್ ಸಿಲಿಂಡರ್ ಬೈಕಿನ ಹ್ಯಾಂಡಲ್ ಸೆಕೆಂಡಿಗೆ 50 ಸಲ ನಡುಗುತ್ತದೆ, ಬೆರಳು ಜೋಮು ಹಿಡಿಯುವುದು ಇದರಿಂದ. ರಸ್ತೆಯಿಂದ ಸೀಟಿಗೆ ಬರುವ ಕುಲುಕಾಟ ಇದಕ್ಕಿಂತ ಬಹಳ ನಿಧಾನದ್ದು. ಮೆಲ್ಬರ್ನಿನ ಆರ್‌ಎಂಐಟಿ ವಿಶ್ವವಿದ್ಯಾಲಯದವರು 2018ರಲ್ಲಿ, ವಾಹನದ ಸೀಟನ್ನು ಸೆಕೆಂಡಿಗೆ 4ರಿಂದ 7 ಸಲ ಮೆಲ್ಲಗೆ ಅಲುಗಿಸಿದಾಗ ಕೂತವರಿಗೆ ಹದಿನೈದು ನಿಮಿಷದೊಳಗೇ ಮಂಪರು ಶುರುವಾಗುತ್ತದೆ ಎಂದು ತೋರಿಸಿದರು. ಪ್ರಯೋಗ ನಡೆದದ್ದು ಬೈಕಿನ ಮೇಲಲ್ಲ, ಆದರೂ ಆಗಾಗ ಫುಟ್‌ರೆಸ್ಟ್ ಮೇಲೆ ನಿಂತು ಮೈ ಸಡಿಲಿಸುವ ಅನುಭವಿಗಳ ಅಭ್ಯಾಸಕ್ಕೆ ಒಂದು ಒಳ್ಳೆಯ ಕಾರಣ ಇದರಲ್ಲಿದೆ.

ಇನ್ನು ಬಿಸಿಲು. ಏಪ್ರಿಲ್, ಮೇ ತಿಂಗಳಲ್ಲಿ ರಾಯಚೂರು, ಕಲಬುರಗಿಯ ಕಡೆ ಉಷ್ಣತೆ 40 ಡಿಗ್ರಿ ದಾಟುತ್ತದೆ. ನಮ್ಮ ಚರ್ಮದ ಉಷ್ಣತೆ ಸುಮಾರು 35. ಗಾಳಿ ಅದಕ್ಕಿಂತ ಬಿಸಿಯಾಗಿದ್ದಾಗ ಮೈಗೆ ಬಡಿಯುವ ಗಾಳಿ ಶಾಖವನ್ನು ಒಯ್ಯುವುದಿಲ್ಲ, ತಂದು ಹಾಕುತ್ತದೆ. ಆಗ ಮೈ ತಂಪಾಗಲು ಉಳಿದ ಏಕೈಕ ದಾರಿ ಬೆವರು ಆವಿಯಾಗುವುದು. ಒಂದು ಲೀಟರ್ ಬೆವರು ಆವಿಯಾಗುವಾಗ ಸುಮಾರು 2400 ಕಿಲೋಜೌಲ್ ಶಾಖವನ್ನು ಒಯ್ಯುತ್ತದೆ. ಬೈಕಿನ ಮೇಲೆ ಬೆವರು ಬಂದ ಕ್ಷಣವೇ ಒಣಗುವುದರಿಂದ ಅಂಗಿ ಒದ್ದೆಯಾಗುವುದಿಲ್ಲ. ಬೆವರುತ್ತಿದ್ದೇನೆ ಎಂದು ಅನಿಸುವುದಿಲ್ಲ, ನೀರು ಕುಡಿಯಬೇಕೆಂದೂ ಹೊಳೆಯುವುದಿಲ್ಲ. ಇಂಗ್ಲೆಂಡಿನ ಲಫ್‌ಬರೋ ವಿಶ್ವವಿದ್ಯಾಲಯದ ಸಂಶೋಧಕರು 2015ರಲ್ಲಿ, ಕಾರಿನ ಸಿಮ್ಯುಲೇಟರ್‌ನಲ್ಲಿ ಎರಡು ಗಂಟೆ ಕೂತವರಿಗೆ ಒಂದು ದಿನ ಗಂಟೆಗೆ 200 ಮಿಲಿಲೀಟರ್, ಇನ್ನೊಂದು ದಿನ ಬರೀ 25 ಮಿಲಿಲೀಟರ್ ನೀರು ಕೊಟ್ಟು ನೋಡಿದರು. ನೀರು ಕಡಿಮೆಯಾದ ದಿನ ಲೇನ್ ಬಿಟ್ಟು ಜಾರುವ, ತಡವಾಗಿ ಬ್ರೇಕ್ ಹಾಕುವ ತಪ್ಪುಗಳು ದುಪ್ಪಟ್ಟಿಗಿಂತ ಹೆಚ್ಚಾದವು. ಅದು ನೆರಳಲ್ಲಿ ಕೂತವರ ಕಥೆ.

ಆದ್ದರಿಂದ ಬಿಸಿಲ ನಾಡಿನಲ್ಲಿ ಸೆಕೆಯೆಂದು ಜಾಕೆಟ್ ಬಿಚ್ಚುವುದು ತಪ್ಪು. ಜಾಲಿಬಟ್ಟೆಯ ಜಾಕೆಟ್ಟಿನೊಳಗೆ ಹತ್ತಿಯ ಅಂಗಿಯನ್ನು ನೀರಿನಲ್ಲಿ ಅದ್ದಿ ಹಾಕಿಕೊಂಡರೆ ಮುಂದಿನ ಮುಕ್ಕಾಲು ಗಂಟೆ ಬೆವರಿನ ಕೆಲಸವನ್ನು ಆ ನೀರೇ ಮಾಡುತ್ತದೆ. ಅಲ್ಲಿನ ರೈತರು ತಲೆಗೆ ಟವೆಲ್ ಸುತ್ತಿ, ತುಂಬುತೋಳಿನ ಅಂಗಿ ತೊಟ್ಟು ಹೊಲಕ್ಕೆ ಹೋಗುವುದರಲ್ಲಿ ಇದೇ ತಿಳಿವಳಿಕೆ ಇದೆ. ಉಪ್ಪು ಹಾಕಿದ ಮಜ್ಜಿಗೆ ಕುಡಿಯಿರಿ, ಬೆವರಿನಲ್ಲಿ ಹೋದ ಸೋಡಿಯಂ ಅದರಲ್ಲಿ ಮರಳಿ ಸಿಗುತ್ತದೆ.

ಚಳಿಯೂ ದಣಿಸುತ್ತದೆ. 10 ಡಿಗ್ರಿಯ ಮುಂಜಾನೆ 80ರ ವೇಗದಲ್ಲಿ ಹೋಗುವವರ ಚರ್ಮಕ್ಕೆ ಅದು ಸುಮಾರು 4 ಡಿಗ್ರಿಯಂತೆ ತಾಕುತ್ತದೆ. ಲಡಾಖಿಗೆ ಹೋಗುವವರಿಗೆ ಇದರ ಜೊತೆ ಆಮ್ಲಜನಕದ ಕೊರತೆ ಸೇರುತ್ತದೆ. 3,500 ಮೀಟರ್ ಎತ್ತರದ ಲೇಹ್‌ನಲ್ಲೇ ರಾತ್ರಿ ಉಸಿರಾಟ ಏರುಪೇರಾಗಿ ನಿದ್ದೆ ಪದೇಪದೇ ಒಡೆಯುತ್ತದೆ, 5,359 ಮೀಟರಿನ ಖರ್ದುಂಗ್ ಲಾದಲ್ಲಿ ಸಿಗುವ ಆಮ್ಲಜನಕ ಸಮುದ್ರಮಟ್ಟದ ಅರ್ಧದಷ್ಟು. ಲೇಹ್‌ನಲ್ಲಿ ಎರಡು ದಿನ ಸುಮ್ಮನೆ ಕೂರಲು ರಜೆ ಇಲ್ಲದಿದ್ದರೆ ಆ ಪ್ರವಾಸವನ್ನೇ ಮುಂದಿನ ವರ್ಷಕ್ಕೆ ಹಾಕಿಕೊಳ್ಳುವುದು ಲೇಸು.

ದಾರಿಯಲ್ಲಿ ಕಣ್ಣು ಎಳೆಯತೊಡಗಿದರೆ ಏನು ಮಾಡಬೇಕು? ಏನು ಮಾಡಿದರೆ ಪ್ರಯೋಜನವಿಲ್ಲ ಎಂಬುದು ಮೊದಲು ಗೊತ್ತಿರಲಿ. ಲಫ್‌ಬರೋದಲ್ಲೇ ಜಿಮ್ ಹೋರ್ನ್ ಮತ್ತು ಲೂಯಿಸ್ ರೇನರ್ 1990ರ ದಶಕದಲ್ಲಿ ನಿದ್ದೆಗೆಟ್ಟ ಚಾಲಕರ ಮೇಲೆ ಸರಣಿ ಪ್ರಯೋಗ ನಡೆಸಿದರು. ಮುಖಕ್ಕೆ ತಣ್ಣನೆಯ ಗಾಳಿ, ಜೋರಾದ ರೇಡಿಯೋ ಎರಡೂ ಕೊಟ್ಟ ಪ್ರಯೋಜನ ಅತ್ಯಲ್ಪ, ಅದೂ ಕೆಲವು ನಿಮಿಷ. ವೈಸರ್ ಎತ್ತುವುದು, ಗಟ್ಟಿಯಾಗಿ ಹಾಡುವುದು, ಮುಖಕ್ಕೆ ನೀರು ಚಿಮುಕಿಸುವುದು ಇದೇ ಜಾತಿಯವು. ಪ್ರಯೋಜನವಾದದ್ದು ಎರಡು: ಹದಿನೈದು ನಿಮಿಷದ ನಿದ್ದೆ ಮತ್ತು ಕಾಫಿ. ಎರಡೂ ಸೇರಿದಾಗ ಫಲ ಇನ್ನೂ ಹೆಚ್ಚು.

ಇದರ ಹಿಂದಿನ ರಸಾಯನ ಸುಂದರವಾಗಿದೆ. ಕೆಫೀನ್ ಅಣುವಿನ ಆಕಾರ ಅಡಿನೋಸಿನ್ನಿಗೆ ಹತ್ತಿರ. ಅದು ಬೀಗದೊಳಗೆ ಸಿಕ್ಕಿಕೊಂಡ ತಪ್ಪು ಕೀಲಿಯಂತೆ ನರಕೋಶದ ಗ್ರಾಹಿಗಳಲ್ಲಿ ಕೂತು ಅಡಿನೋಸಿನ್ ಒಳಬರದಂತೆ ತಡೆಯುತ್ತದೆ. ಅಡಿನೋಸಿನ್ ಮಾತ್ರ ಇದ್ದಲ್ಲೇ ಇರುತ್ತದೆ, ಹಾಗಾಗಿ ಕಾಫಿ ಸಾಲವನ್ನು ತೀರಿಸುವುದಿಲ್ಲ, ಮರೆಸುತ್ತದೆ. ಕುಡಿದ ಕೆಫೀನ್ ಕೆಲಸ ಶುರುಮಾಡಲು ಇಪ್ಪತ್ತರಿಂದ ಮೂವತ್ತು ನಿಮಿಷ ಬೇಕು. ಆದ್ದರಿಂದ ಕಾಫಿ ಕುಡಿದ ತಕ್ಷಣ ಮಲಗಬೇಕು. ಆ ಹೊತ್ತಿನಲ್ಲಿ ನಿದ್ದೆ ಸ್ವಲ್ಪ ಒತ್ತಡ ಇಳಿಸಿರುತ್ತದೆ, ಏಳುವ ಹೊತ್ತಿಗೆ ಕೆಫೀನ್ ಬಂದಿರುತ್ತದೆ. ಅಲಾರಂ ಇಪ್ಪತ್ತು ನಿಮಿಷಕ್ಕೆ ಇರಲಿ. ಮೂವತ್ತು ದಾಟಿದರೆ ಗಾಢನಿದ್ದೆಗೆ ಜಾರಿ, ಎದ್ದ ಮೇಲೆ ಬಹಳ ಹೊತ್ತು ತಲೆ ಮಬ್ಬಾಗಿರುತ್ತದೆ. ಎಷ್ಟೇ ಚುರುಕೆನಿಸಿದರೂ ಎದ್ದು ಹತ್ತು ನಿಮಿಷ ಓಡಾಡಿದ ಮೇಲೆ ಬೈಕ್ ಹತ್ತಬೇಕು. ಹೆದ್ದಾರಿ ಹೋಟೆಲಿನ ಅರ್ಧ ಲೋಟ ಕಾಫಿಯನ್ನು ಹೆಚ್ಚು ನೆಚ್ಚಬೇಡಿ. ಪ್ರಯೋಗಗಳಲ್ಲಿ ಕೊಟ್ಟದ್ದು 150ರಿಂದ 200 ಮಿಲಿಗ್ರಾಂ ಕೆಫೀನ್, ನಮ್ಮ ಕಾಫಿಪುಡಿಗೆ ಬೆರೆಸುವ ಚಿಕೋರಿಯಲ್ಲಿ ಕೆಫೀನ್ ಇಲ್ಲವೇ ಇಲ್ಲ. ದಿನವಿಡೀ ಪ್ರತಿ ನಿಲುಗಡೆಯಲ್ಲೂ ಕುಡಿದರೆ ಬೇಕಾದಾಗ ಅದು ಕೈಕೊಡುತ್ತದೆ, ಸಂಜೆ ಕುಡಿದದ್ದು ರಾತ್ರಿಯ ನಿದ್ದೆಯನ್ನು ಕಸಿಯುತ್ತದೆ. ಕುಡಿದ ಐದಾರು ಗಂಟೆಯ ಮೇಲೂ ಅರ್ಧದಷ್ಟು ಕೆಫೀನ್ ರಕ್ತದಲ್ಲೇ ಇರುತ್ತದೆ.

ಮಲಗುವುದೆಲ್ಲಿ ಎಂಬುದು ನಿಜವಾದ ತೊಡಕು. ನಮ್ಮ ಹೆದ್ದಾರಿಗಳನ್ನು ವೇಗಕ್ಕಾಗಿ ಕಟ್ಟಿದ್ದಾರೆ, ನಿಲ್ಲುವವರಿಗಾಗಿ ಅಲ್ಲ. ದೊಡ್ಡ ಪೆಟ್ರೋಲ್ ಬಂಕುಗಳ ಹಿಂಬದಿ, ಊರೊಳಗಿನ ದೇವಸ್ಥಾನದ ಜಗಲಿ, ಹಗಲಾದರೆ ಡಾಬಾದ ಹಗ್ಗದ ಮಂಚ ಸಿಗುತ್ತವೆ. ಒಬ್ಬಂಟಿಯಾಗಿ ಹೋಗುವ ಹೆಣ್ಣುಮಗಳಿಗೆ ಇವುಗಳಲ್ಲಿ ಎಷ್ಟು ಸಿಗುತ್ತವೆ? ಟೋಲ್ ವಸೂಲಿ ಮಾಡುವ ಪ್ರತಿ ರಸ್ತೆಯಲ್ಲೂ ಬೆಳಕು, ಕಾವಲು, ಶೌಚಾಲಯ ಇರುವ ವಿಶ್ರಾಂತಿ ಜಾಗ ಇರಬೇಕು. ಹೆಲ್ಮೆಟ್ಟಿನಂತೆ ಇದೂ ಜೀವ ಉಳಿಸುವ ಸಾಧನ. ಅದು ಬರುವವರೆಗೆ ಮಲಗುವ ಜಾಗಗಳನ್ನು ಪೆಟ್ರೋಲ್ ಹಾಕಿಸುವ ಜಾಗಗಳಂತೆ ಮೊದಲೇ ಗುರುತಿಸಿಟ್ಟುಕೊಳ್ಳಬೇಕು.

ಗುಂಪಿನಲ್ಲಿ ಹೋಗುವವರಿಗೆ ಇನ್ನೊಂದು ಕಷ್ಟ. ಸುಸ್ತಾದವನು ಬಾಯಿ ಬಿಡುವುದಿಲ್ಲ. ಅದಕ್ಕೇ ಕೇಳುವ ರೀತಿ ಬದಲಾಗಬೇಕು. ‘ಎಲ್ಲಾ ಓಕೆನಾ?’ ಎಂದರೆ ಎಲ್ಲರೂ ತಲೆಯಾಡಿಸುತ್ತಾರೆ. ‘ಕೊನೆಯ ಊರು ಯಾವುದು ದಾಟಿದೆವು?’ ಎಂದು ಕೇಳಿ. ನೆನಪಾಗದವರಿಗೆ ನಿದ್ದೆ ಬೇಕಿದೆ. ಹಿಂದೆ ಬರುವ ಸವಾರನಿಗೆ ಮುಂದಿನವರ ಬೈಕು ಸುಳಿವು ಕೊಡುತ್ತದೆ. ಕಾರಣವಿಲ್ಲದೆ ವೇಗ ಏರಿಳಿಯುತ್ತದೆ, ಇಂಡಿಕೇಟರ್ ಆರಿಸುವುದು ಮರೆಯುತ್ತದೆ, ಹಂಪ್ ಬಂದ ಮೇಲೆ ಬ್ರೇಕ್ ಬೀಳುತ್ತದೆ.

24 ಗಂಟೆಯಲ್ಲಿ 1,000 ಮೈಲಿ, ಅಂದರೆ ಸುಮಾರು 1,610 ಕಿಲೋಮೀಟರ್ ಓಡಿಸಿದವರಿಗೆ ಅಮೆರಿಕದ ಐರನ್ ಬಟ್ ಅಸೋಸಿಯೇಷನ್ ಸ್ಯಾಡಲ್‌ಸೋರ್ ಎಂಬ ಪ್ರಮಾಣಪತ್ರ ಕೊಡುತ್ತದೆ. ಬೆಂಗಳೂರಿನಿಂದ ಪುಣೆಗೆ ಹೋಗಿ ಬಂದಷ್ಟು ದೂರ. ಕರ್ನಾಟಕದಲ್ಲೂ ಅದನ್ನು ಬಯಸುವವರು ಹೆಚ್ಚುತ್ತಿದ್ದಾರೆ. ಅದನ್ನು ಸಲೀಸಾಗಿ ಮುಗಿಸುವ ಅನುಭವಿಗಳು ವೇಗವಾಗಿ ಓಡಿಸುವುದಿಲ್ಲ. ಹಿಂದಿನ ಹಲವು ರಾತ್ರಿ ತುಂಬ ನಿದ್ದೆ ಮಾಡಿರುತ್ತಾರೆ, ಸಮವೇಗದಲ್ಲಿ ಹೋಗುತ್ತಾರೆ, ಕಣ್ಣು ಎಳೆದರೆ ಬೈಕಿನ ಪಕ್ಕದಲ್ಲೇ ಮಲಗುತ್ತಾರೆ. ಆದರೂ 24 ಗಂಟೆಯೊಳಗೆ ಗಡಿಯಾರದ ಎರಡೂ ಇಳಿತಗಳು ಬಂದೇ ಬರುತ್ತವೆ. ದಿನಕ್ಕೆ 600 ಕಿಲೋಮೀಟರನ್ನು ಹಲವು ಸಲ ನೆಮ್ಮದಿಯಾಗಿ ಓಡಿಸಿರದವರು ಅದಕ್ಕೆ ಕೈಹಾಕಬಾರದು ಎಂಬುದು ನನ್ನ ಖಚಿತ ಅಭಿಪ್ರಾಯ.

ನಮ್ಮಲ್ಲಿ ಹೆಚ್ಚು ಚಿಂತೆ ಮಾಡಬೇಕಾದ್ದು ಭಾನುವಾರ ಸಂಜೆಯ ಬಗ್ಗೆ. ಎರಡು ದಿನದ ನಿದ್ದೆಯ ಸಾಲ ಹೊತ್ತು, ಮನೆ ಹತ್ತಿರವಾಯಿತೆಂದು ನಿಲುಗಡೆಗಳನ್ನು ಬಿಟ್ಟು, ಎದುರಿನ ಹೈಬೀಮ್ ಬೆಳಕು ಕಣ್ಣಿಗೆ ಕುಕ್ಕುತ್ತಿರುವಾಗ ಎಲ್ಲರೂ ಒಟ್ಟಿಗೆ ತುಮಕೂರಿನಿಂದ ನೆಲಮಂಗಲದ ಕಡೆ ನುಗ್ಗುತ್ತಾರೆ. ವಾಪಸಾತಿಯನ್ನು ಭಾನುವಾರ ಬೆಳಿಗ್ಗೆ ಏಳಕ್ಕೆ, ತಿಂಡಿ ತಿಂದು ಶುರುಮಾಡಿದರೆ ಸಂಜೆಯೊಳಗೆ ಮನೆ ಸೇರಬಹುದು. ಆಗದಿದ್ದರೆ ತುಮಕೂರಿಗೆ ಮೊದಲೇ ಒಮ್ಮೆ ಮಲಗಿ ಏಳಿ. ಒಂದು ರಾತ್ರಿಯ ನಿದ್ದೆಯಿಂದ ಆ ಸಾಲ ಪೂರ್ತಿ ತೀರುವುದೂ ಇಲ್ಲ. ಸೋಮವಾರ ಕಚೇರಿಗೆ ಬೈಕ್ ಬಿಟ್ಟು ಬಸ್ಸಿನಲ್ಲೋ ಮೆಟ್ರೋದಲ್ಲೋ ಹೋಗಿ.